ಅತ್ತೆಯವರು ಚಾಲೂ ಮಾಡಿದ ಕಾರು

ಮದುವೆಯಾಗಿ ಹತ್ತೊಂಬತ್ತು ವರ್ಷ ನಮ್ಮ ಅತ್ತೆ ನನ್ನ ಮುಖ ನೋಡಿ ಒಂದು ಮಾತೂ ಆಡಿರಲಿಲ್ಲ. ಸಿಟ್ಟಿನಿಂದಲ್ಲ, ಮರ್ಯಾದೆಯಿಂದ. ಅಳಿಯನೆದುರು ಅತ್ತೆ ನಿಲ್ಲಬಾರದು, ನಿಂತರೂ ಸೆರಗು ತಲೆಯಿಂದ ಇಳಿಯಬಾರದು, ಏನಾದರೂ ಹೇಳುವುದಿದ್ದರೆ ಮಗಳ ಮೂಲಕ ಹೇಳಬೇಕು. ಇದು ಅವರು ತವರಿನಿಂದ ತಂದ ಕಾಯಿದೆ. ನಾನು ಅವರ ಊರು ಜಿಡಗಾಕ್ಕೆ ಹೋದರೆ ಅಡುಗೆಮನೆಯ ಬಾಗಿಲ ಹಿಂದಿನಿಂದ ದನಿ ಬರುತ್ತಿತ್ತು. "ಸುವರ್ಣಾ, ಮಾಸ್ತರ್ರಿಗೆ ಇನ್ನೊಂದು ರೊಟ್ಟಿ ಹಾಕವ್ವ. ಏನೂ ಉಂಡಿಲ್ಲ." ನಾನು ನಾಲ್ಕು ಮಾರು ದೂರದಲ್ಲಿ ಕುಳಿತಿರುತ್ತಿದ್ದೆ. "ಸಾಕ್ರಿ" ಅಂದರೆ ಆ ಉತ್ತರವೂ ನನ್ನ ಹೆಂಡತಿಯ ಮೂಲಕವೇ ಹೋಗಬೇಕು. "ಸಾಕಂತ ಬೇ" ಎಂದು ಸುವರ್ಣ ಹೇಳಿದ ಮೇಲೆಯೇ ಅವರಿಗೆ ಕೇಳಿಸುತ್ತಿತ್ತು.

ಒಮ್ಮೆ ಸುವರ್ಣ ಹಿತ್ತಲಲ್ಲಿ ತಲೆ ತೊಳೆಯುತ್ತಿದ್ದಳು. ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಗಂಟಲಿಗೆ ಹತ್ತಿ ನಾನು ಕೆಮ್ಮತೊಡಗಿದೆ. "ಸುವರ್ಣಾ, ಮಾಸ್ತರ್ರಿಗೆ ನೀರು ಕೊಡು" ಎಂದು ಹೇಳುತ್ತಲೇ ಅತ್ತೆ ನೀರಿನ ತಂಬಿಗೆಯನ್ನು ಬಾಗಿಲಾಚೆಯಿಂದ ನೆಲದ ಮೇಲೆ ಸರಿಸಿಬಿಟ್ಟರು. ಒಂದು ಹನಿ ಚೆಲ್ಲದೆ ಅದು ನನ್ನ ತಾಟಿನ ಹತ್ತಿರ ಬಂದು ನಿಂತಿತು. ನಾನು ಕಂಡದ್ದು ಬಳೆ ತೊಡದ ಆ ಕೈಯನ್ನು ಮಾತ್ರ. ಸಣ್ಣ ಮೈಕಟ್ಟಿನ ಹೆಂಗಸಿಗೆ ಮುಂಗೈ ಇಷ್ಟು ದಪ್ಪ ಹೇಗೆ ಬಂತು ಎಂದು ಆಗ ಯೋಚಿಸಲಿಲ್ಲ.

ಅವರ ಹೆಸರು ಶರಣಮ್ಮ. ಅರವತ್ತು ದಾಟಿತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆತುಂಬ ವಿಭೂತಿ ಹಚ್ಚಿಕೊಂಡರೆ ಸಂಜೆಯವರೆಗೂ ಅದು ಅಳಿಸುತ್ತಿರಲಿಲ್ಲ. ಅವರ ಬಗ್ಗೆ ಹತ್ತೊಂಬತ್ತು ವರ್ಷದಲ್ಲಿ ನನಗೆ ಗೊತ್ತಿದ್ದದ್ದು ಹೆಚ್ಚುಕಡಿಮೆ ಇಷ್ಟೇ.

ನಾನು ಅಫಜಲಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನನ್ನ ಸ್ವಂತ ಊರು ಜೇವರ್ಗಿ. ವರ್ಷಕ್ಕೊಮ್ಮೆ ಕಪ್ಪುಹಲಗೆಯ ಮೇಲೆ ಪೆಟ್ರೋಲ್ ಇಂಜಿನ್ನಿನ ಚಿತ್ರ ಬರೆದು, ಪಿಸ್ಟನ್ ಕೆಳಗೆ ಬಂದಾಗ ಏನಾಗುತ್ತದೆ, ಮೇಲೆ ಹೋದಾಗ ಏನಾಗುತ್ತದೆ ಎಂದು ವಿವರಿಸಿ, ಕೈಯ ಸುಣ್ಣ ಒರೆಸಿಕೊಂಡು ಮನೆಗೆ ಬರುವುದು ನನ್ನ ಕೆಲಸ. ಇಪ್ಪತ್ತು ವರ್ಷ ಹೀಗೆ ಪಾಠ ಹೇಳಿದವನು ಒಂದು ಪಿಸ್ಟನ್ನನ್ನೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಅದರ ನಾಚಿಕೆ ಒಳಗೊಳಗೇ ಇತ್ತು.

ವಿದ್ಯಾರ್ಥಿಗಳನ್ನು ಕರೆದುಕೊಂಡು ಸೊನ್ನದ ಬ್ಯಾರೇಜ್ ತೋರಿಸಲು ಹೋದಾಗ ಅಲ್ಲಿ ಒಬ್ಬ ಗೌಡರ ಮನೆಯಲ್ಲಿ ಚಹಾ ಕುಡಿದೆವು. ಅವರ ಕೊಟ್ಟಿಗೆಯಲ್ಲಿ ಒಣಗಿದ ಜೋಳದ ದಂಟು, ಅಂದರೆ ಕಣಕಿಯ ಕಟ್ಟುಗಳ ಕೆಳಗೆ ಒಂದು ಹಳೆಯ ಅಂಬಾಸಿಡರ್ ಕಾರು ಕಾಣಿಸಿತು. ಗಾಲಿಗಳು ನೆಲಕ್ಕೆ ಇಳಿದಿದ್ದವು, ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿತ್ತು. ನಾನು ಅದರ ಸುತ್ತ ಮೂರು ಸಲ ತಿರುಗಿದ್ದನ್ನು ಗೌಡರು ನೋಡಿದರು.

"ಮಾಸ್ತರ, ಒಯ್ಯೋದಿದ್ರ ಒಯ್ರಿ. ನನಗ ಕಣಕಿ ಇಡಾಕ ಜಾಗಾ ಆಗ್ತದ. ಬೆಕ್ಕಿನ ಮರಿ ಕಣ್ಣು ಬಿಟ್ಟ ಮ್ಯಾಲ ಬರ್ರಿ, ಅಷ್ಟ."

ಎರಡು ವಾರದ ನಂತರ ಅವರ ಟ್ರ್ಯಾಕ್ಟರ್ ಅದನ್ನು ಎಳೆದು ತಂದು ನಮ್ಮ ಮನೆಯ ಹಿತ್ತಲಲ್ಲಿ, ಬೇವಿನ ಗಿಡದ ಕೆಳಗೆ ಬಿಟ್ಟಿತು. ಸುವರ್ಣ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಇದು ಓಡ್ತದೇನ್ರಿ?" ಅಂದಳು. ಒಂದು ವರ್ಷದೊಳಗೆ ನನ್ನ ಕೈಯಾರೆ ಓಡಿಸುತ್ತೇನೆ ಎಂದೆ. ಆಕೆ ಒಳಗೆ ಹೋಗಿ ನಕ್ಕಳು.

ಅದೇ ತಿಂಗಳು ಅತ್ತೆ ಕಣ್ಣಿನ ಪೊರೆಯ ಆಪರೇಷನ್ ಮಾಡಿಸಿಕೊಂಡು ನಮ್ಮಲ್ಲಿಗೆ ಬಂದರು. ಒಂದು ತಿಂಗಳು ವಿಶ್ರಾಂತಿ ತೆಗೆದುಕೊಂಡು ಜಿಡಗಾಕ್ಕೆ ಮಗನ ಹತ್ತಿರ ಹೋಗುವುದೆಂದು ಮಾತಾಗಿತ್ತು. ಸುವರ್ಣ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಬೆಳಿಗ್ಗೆ ಎಂಟರ ಬಸ್ಸು ಹಿಡಿದರೆ ಬರುವುದು ಸಂಜೆ. ಮಗಳು ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದಳು. ನನ್ನ ಕಾಲೇಜು ಮಧ್ಯಾಹ್ನ ಎರಡಕ್ಕೆ ಮುಗಿಯುತ್ತಿತ್ತು. ಅಲ್ಲಿಂದ ಸಂಜೆಯವರೆಗೆ ಮನೆಯಲ್ಲಿ ನಾವಿಬ್ಬರೇ, ನಡುವೆ ಮಾತು ದಾಟಿಸುವವರು ಯಾರೂ ಇಲ್ಲ.

ಅತ್ತೆ ಅದಕ್ಕೆ ಒಂದು ದಾರಿ ಕಂಡುಕೊಂಡರು. ಇಲ್ಲದ ಸುವರ್ಣಳನ್ನೇ ಕರೆದು ಮಾತಾಡತೊಡಗಿದರು. "ಸುವರ್ಣಾ, ಊಟಾ ತಣ್ಣಗಾಗಾಕತ್ತದ ಅಂತ ಹೇಳವ್ವ" ಎಂದು ಕಿಟಕಿಯಿಂದ ದನಿ ಬಂದರೆ ನಾನು ಕೈ ತೊಳೆದು ಒಳಗೆ ಹೋಗುತ್ತಿದ್ದೆ. ನಾನೂ ಕಲಿತೆ. "ಸುವರ್ಣಾ, ಚಹಾ ಆದ್ರ ಚಲೋ ಆಗ್ತಿತ್ತು" ಅನ್ನುತ್ತಿದ್ದೆ. ಬಾಗಿಲ ಹತ್ತಿರ ಚಹಾ ಬಂದು ಕೂರುತ್ತಿತ್ತು.

ನಾನು ಪುಸ್ತಕ ನೋಡಿಕೊಂಡು ಇಂಜಿನ್ ಬಿಚ್ಚತೊಡಗಿದೆ. ಬಿಚ್ಚುವುದು ಸುಲಭ. ಬಿಚ್ಚಿದ ನಟ್ಟು ಬೋಲ್ಟುಗಳನ್ನೆಲ್ಲ ಒಂದು ಹಳೆಯ ಬುಟ್ಟಿಗೆ ಎಸೆಯುತ್ತಿದ್ದೆ. ಮೂರನೆಯ ದಿನ ಕಾಲೇಜಿನಿಂದ ಬಂದು ನೋಡಿದರೆ ಬುಟ್ಟಿ ಖಾಲಿ. ಕಟ್ಟೆಯ ಮೇಲೆ ಹಳೆ ಸೀರೆಯ ತುಂಡುಗಳಲ್ಲಿ ಕಟ್ಟಿದ ಹತ್ತಿಪ್ಪತ್ತು ಗಂಟುಗಳು. ಕಾರಿನ ಎಡಗಡೆಯವು ನೀಲಿ ಬಟ್ಟೆಯಲ್ಲಿ, ಬಲಗಡೆಯವು ಕೆಂಪು ಬಟ್ಟೆಯಲ್ಲಿ, ಮೊದಲು ಬಿಚ್ಚಿದ್ದಕ್ಕೆ ಒಂದು ಗಂಟು, ಆಮೇಲಿನದಕ್ಕೆ ಎರಡು. ನಾನು ಕೆಲಸ ಮಾಡುವಾಗ ಅವರು ಕಿಟಕಿಯಲ್ಲಿ ನಿಂತು ಹೊಸ ಕಣ್ಣಿನಿಂದ ಎಲ್ಲ ನೋಡಿದ್ದರು. "ಸುವರ್ಣಾ, ಇನ್ನ ಮ್ಯಾಲ ಬುಟ್ಟ್ಯಾಗ ಒಗೀಬಾರ್ದಂತ ಹೇಳು. ಕೂಡ್ಸಾಕ ಕುಂತಾಗ ಕಣ್ಣೀರು ಬರ್ತಾವ."

ಇಂಜಿನ್ನಿನ ತಲೆಭಾಗ, ಅಂದರೆ ಹೆಡ್, ಬಿಚ್ಚಿದಾಗ ಮೊದಲ ಪೆಟ್ಟು ಬಿತ್ತು. ನಾಲ್ಕೂ ಪಿಸ್ಟನ್ನುಗಳು ತುಕ್ಕಿಗೆ ಅಂಟಿಕೊಂಡಿದ್ದವು. ಎಷ್ಟು ಜಗ್ಗಿದರೂ ಅಲುಗಲಿಲ್ಲ. ಪಾಠದಲ್ಲಿ ಇಪ್ಪತ್ತು ವರ್ಷ ಸರಾಗವಾಗಿ ಮೇಲೆ ಕೆಳಗೆ ಓಡಾಡಿದ ಪಿಸ್ಟನ್ನು ಎದುರಿಗೆ ಸಿಕ್ಕಾಗ ಕಲ್ಲಾಗಿ ಕೂತಿತ್ತು. ನಾಲ್ಕು ದಿನ ಒದ್ದಾಡಿ, ಐದನೆಯ ದಿನ ಸಿಟ್ಟು ತಡೆಯದೆ ಸುತ್ತಿಗೆ ಎತ್ತಿದೆ.

"ಸುವರ್ಣಾ, ಹೊಡೀಬ್ಯಾಡಂತ ಹೇಳವ್ವ!" ದನಿ ಈ ಸಲ ಜೋರಾಗಿತ್ತು. "ಒಡದ್ರ ಮತ್ತ ಕೂಡಂಗಿಲ್ಲ. ಡೀಸೆಲ್‌ನಾಗ ಒಂದಿಷ್ಟು ಆಯಿಲ್ ಕಲಸಿ ನಾಕೂ ತೂತಿಗೆ ಹಾಕಿ ಬಿಡ್ಬೇಕು. ಎಂಟು ದಿನ, ಹತ್ತು ದಿನ. ಅದು ತಾನೇ ಬಿಡ್ತದ. ಅವಸರ ಮಾಡಬಾರ್ದು."

ಎತ್ತಿದ ಸುತ್ತಿಗೆ ಹಿಡಿದುಕೊಂಡು ನಾನು ಹಾಗೇ ನಿಂತೆ. ಸಂಜೆ ಸುವರ್ಣ ಬಸ್ಸಿಳಿದು ಬಂದ ಕೂಡಲೇ ಕೇಳಿದೆ. "ನಿಮ್ಮವ್ವಗ ಇದೆಲ್ಲ ಹೆಂಗ ಗೊತ್ತು?"

"ಗೊತ್ತಿರದೇ ಏನ್ರಿ? ಹನ್ನೊಂದು ವರ್ಷ ಹಿಟ್ಟಿನ ಗಿರಣಿ ನಡಸ್ಯಾಳ."

"ನನಗ ಯಾರೂ ಹೇಳೇ ಇಲ್ಲಲ್ಲ?"

"ನೀವು ಯಾವಾಗ ಕೇಳಿದ್ರಿ?"

ಆ ಸಂಜೆ ಸುವರ್ಣ ಎಲ್ಲ ಹೇಳಿದಳು. ಮಾವನವರು ಜಿಡಗಾದಲ್ಲಿ ಡೀಸೆಲ್ ಇಂಜಿನ್ನಿನ ಗಿರಣಿ ಇಟ್ಟಿದ್ದರು. ಅವರು ತೀರಿಕೊಂಡಾಗ ಸುವರ್ಣಳಿಗೆ ಏಳು ವರ್ಷ, ಅವಳ ತಮ್ಮ ಶರಣಪ್ಪನಿಗೆ ಐದು. ಗಿರಣಿ ಮಾರಿಬಿಡುವುದೆಂದು ಮನೆಯ ಹಿರಿಯರು ಕೂತು ಮಾತಾಡಿದರು. ಮರುದಿನ ಬೆಳಿಗ್ಗೆ ಗಿರಣಿಯ ಸದ್ದು ಕೇಳಿ ಎಲ್ಲರೂ ಓಡಿಹೋಗಿ ನೋಡಿದರೆ ಅತ್ತೆ ಹ್ಯಾಂಡಲ್ ತಿರುವಿ ಇಂಜಿನ್ ಚಾಲೂ ಮಾಡಿ, ಬೆಲ್ಟ್ ಏರಿಸಿ, ಮೊದಲ ಗಿರಾಕಿಯ ಜೋಳ ಸುರಿಯುತ್ತಿದ್ದರು. ಗಂಡ ಮಾಡುವುದನ್ನು ನೋಡಿ ನೋಡಿ ಕಲಿತದ್ದು, ಅಷ್ಟೇ. ಹನ್ನೊಂದು ವರ್ಷ ಅವರೇ ನಡೆಸಿದರು. ಕೆಟ್ಟರೆ ಅವರೇ ಬಿಚ್ಚಿದರು, ಅವರೇ ಕೂಡಿಸಿದರು. ಆಮೇಲೆ ಊರಿಗೆ ಕರೆಂಟಿನ ಗಿರಣಿ ಬಂತು. ಮಕ್ಕಳು ದೊಡ್ಡವರಾದರು, ಇನ್ನು ನೀನು ಅಲ್ಲಿ ಕೂರುವುದು ಶೋಭೆಯಲ್ಲ ಎಂದು ಹಿರಿಯರು ಇಂಜಿನ್ ಮಾರಿದರು.

"ಇಂಜಿನ್ ಒಯ್ದ ದಿನ ಅವ್ವ ಉಣ್ಣಲಿಲ್ಲ," ಅಂದಳು ಸುವರ್ಣ. "ಆಮ್ಯಾಲ ಅದರ ಸುದ್ದೀನೇ ತೆಗೀಲಿಲ್ಲ. ನಾವೂ ಕೇಳ್ಲಿಲ್ಲ."

ಹತ್ತನೆಯ ದಿನ, ಅತ್ತೆ ಹೇಳಿದಂತೆ ಕಾರನ್ನು ಟಾಪ್ ಗೇರಿಗೆ ಹಾಕಿ ನಾನೂ ಸುವರ್ಣಳೂ ಹಿಂದೆ ಮುಂದೆ ಅಲುಗಾಡಿಸಿದೆವು. ಏಳೆಂಟು ಸಲ ಏನೂ ಆಗಲಿಲ್ಲ. ಆಮೇಲೆ ಪಿಸ್ಟನ್ನು ಒಂದು ಬೆರಳಿನಷ್ಟು ಕೆಳಗಿಳಿಯಿತು. ನಾನು ಕೂಗಿಯೇಬಿಟ್ಟೆ. ಅತ್ತೆ ಕಿಟಕಿಯಿಂದ ಸರಿದು ಒಳಗೆ ಹೋದರು. ಆ ದಿನ ಊಟದ ತಾಟಿನಲ್ಲಿ ಗೋಧಿ ಬೆಲ್ಲದ ಮಾದಲಿ ಇತ್ತು. ಯಾವ ಹಬ್ಬವೂ ಇರಲಿಲ್ಲ.

ತಿಂಗಳು ಮುಗಿಯಿತು. ಶರಣಪ್ಪ ಫೋನ್ ಮಾಡಿ, "ಮಾವಾರ, ಅವ್ವನ್ನ ಕರಕೊಂಡು ಹೋಗಾಕ ಯಾವಾಗ ಬರ್ಲಿ?" ಎಂದ. ಅತ್ತೆ ಮಗಳ ಕಡೆ ನೋಡಿ, "ಕಣ್ಣು ಇನ್ನಾ ಸ್ವಲ್ಪ ಮಂಜು ಮಂಜು ಕಾಣ್ತಾವಂತ ಹೇಳು" ಅಂದರು. ಅದೇ ಕಣ್ಣಿನಿಂದ ಅವರು ಆ ಬೆಳಿಗ್ಗೆ ಹುಲ್ಲಿನಲ್ಲಿ ಬಿದ್ದ ಸಾಸಿವೆಯಷ್ಟು ಸ್ಪ್ರಿಂಗನ್ನು ಹುಡುಕಿಕೊಟ್ಟಿದ್ದರು.

ಹೆಡ್ ಮರಳಿ ಕೂಡಿಸುವ ಮೊದಲು ಅವರು ಸೀಮೆಸುಣ್ಣ ತರಿಸಿದರು. ನಮ್ಮ ಕಡೆ ಅದಕ್ಕೆ ಖಡು ಅನ್ನುತ್ತಾರೆ. "ಸುವರ್ಣಾ, ಕಾಲೇಜಿಂದ ಒಂದು ಖಡು ತರಾಕ ಹೇಳು." ಹೆಡ್ಡಿಗೆ ಡೀಸೆಲ್ ಸವರಿ, ಪೂರಾ ಒರೆಸಿ, ಮೇಲೆ ಸುಣ್ಣದ ಪುಡಿ ಉಜ್ಜಬೇಕಂತೆ. ಉಜ್ಜಿ ಸ್ವಲ್ಪ ಹೊತ್ತು ಬಿಟ್ಟೆ. ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆಯೊಂದು ತಾನಾಗಿ ಮೂಡಿತು. ಬಿರುಕು. ಸಂದಿಯಲ್ಲಿ ಉಳಿದ ಡೀಸೆಲ್ ಸುಣ್ಣಕ್ಕೆ ಇಂಗಿ ತನ್ನ ಜಾಗ ತೋರಿಸಿತ್ತು. ಸಣ್ಣ ಸಂದಿಯಲ್ಲಿ ದ್ರವ ಏರುವುದು ನಾನು ಪಾಠ ಮಾಡುವ ವಿಷಯವೇ, ಆದರೆ ಅದರಿಂದ ಇಂಥ ಉಪಯೋಗವುಂಟೆಂದು ನನಗೆ ಗೊತ್ತಿರಲಿಲ್ಲ. ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಬಿರುಕು ಬಿಟ್ಟ ಹೆಡ್ ಕೆಲಸಕ್ಕೆ ಬರುವುದಿಲ್ಲ.

ಎರಡು ತಿಂಗಳು ಹುಡುಕಿದೆ. ಕೊನೆಗೆ ಜೇವರ್ಗಿಯಲ್ಲಿ ವಕೀಲನಾಗಿರುವ ನನ್ನ ಅಣ್ಣ ಅಲ್ಲಿನ ಗುಜರಿಯಲ್ಲಿ ಒಂದನ್ನು ಕಂಡು ಸುದ್ದಿ ಕೊಟ್ಟ. ಗೋಣಿಚೀಲದಲ್ಲಿ ಕಟ್ಟಿ ಬಸ್ಸಿನಲ್ಲಿ ತಂದೆ. ಕಾಲಡಿಯ ಚೀಲಕ್ಕೆ ಎಡವಿದ ಕಂಡಕ್ಟರ್, "ಏನ್ರಿ ಸರ್ ಇದು?" ಎಂದ.

"ಕಾರಿನ ಹೆಡ್."

"ಬಾಕಿ ಕಾರು ಹಿಂದಿನ ಬಸ್ಸಿಗೆ ಬರ್ತದೇನ್ರಿ?"

ಇಡೀ ಬಸ್ಸು ನಕ್ಕಿತು. ಮನೆಗೆ ಬಂದು ಆ ಹೆಡ್ಡಿಗೂ ಸುಣ್ಣ ಉಜ್ಜಿದೆವು. ಗೆರೆ ಮೂಡಲಿಲ್ಲ.

ಇಂಜಿನ್ ಕೂಡಿಸುವ ಹೊತ್ತಿಗೆ ಬೇಸಿಗೆ ಬಂದಿತ್ತು. ಕೀಲಿ ತಿರುವಿ ಚಾಲೂ ಮಾಡುವ ಮೋಟಾರು ವೈಂಡಿಂಗಿಗೆ ಹೋಗಿತ್ತು. ಅದು ಬರುವವರೆಗೆ ಕಾಯಬಹುದಿತ್ತು. ಆದರೆ ಒಂದು ಭಾನುವಾರ ಅಣ್ಣ ಅತ್ತಿಗೆಯನ್ನು ಕರೆದುಕೊಂಡು ಬಂದ. ಬೇವಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, "ತಮ್ಮಾ, ಇದು ಚಾಲೂ ಆಗೂ ಅಂಥಾದ್ದೇನು, ಇಲ್ಲಾ ಬರೇ ನೋಡೂ ಅಂಥಾದ್ದು?" ಎಂದು ಚುಚ್ಚಿದ. ನನಗೆ ಹಟ ಬಂತು. ಕಾರಿನ ಮೂತಿಗೆ ಹ್ಯಾಂಡಲ್ ಹಾಕಿ ತಿರುವತೊಡಗಿದೆ. ಹತ್ತು ಸಲ, ಹದಿನೈದು ಸಲ. ಒಮ್ಮೆ ಫಟ್ ಎಂದು ಕೆಮ್ಮಿತು. ಅಣ್ಣ ನಕ್ಕ. ನಾನು ಬೆವರೊರೆಸಿಕೊಂಡು ಹ್ಯಾಂಡಲ್ಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಒತ್ತಿದೆ. ಕಿಡಿ ಹೊತ್ತಬೇಕಾದ್ದಕ್ಕಿಂತ ಮೊದಲೇ ಹೊತ್ತಿತು. ಇಂಜಿನ್ ಉಲ್ಟಾ ಒದೆಯಿತು. ಹ್ಯಾಂಡಲ್ ನನ್ನ ಹೆಬ್ಬೆರಳನ್ನು ಹಿಡಿದುಕೊಂಡೇ ಹಿಂದಕ್ಕೆ ತಿರುಗಿತು. ಬಲಗೈಯ ಮಣಿಕಟ್ಟು ಮುರಿದ ಸದ್ದು ಅಣ್ಣನಿಗೂ ಕೇಳಿಸಿತಂತೆ.

ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮೂರನೆಯ ದಿನ. ಸುವರ್ಣ ಶಾಲೆಗೆ ಹೋಗಿದ್ದಳು. ನಾನು ಬೇವಿನ ಕೆಳಗೆ ಹೊರಸಿನ ಮೇಲೆ ಮಲಗಿದ್ದೆ. ಅಡುಗೆಮನೆಯ ಬಾಗಿಲು ತೆರೆದು ಅತ್ತೆ ಹೊರಗೆ ಬಂದರು, ಮೆಟ್ಟಿಲು ಇಳಿದರು, ನೇರ ನನ್ನೆದುರು ಬಂದು ನಿಂತರು. ಗಡಬಡಿಸಿ ಎದ್ದು ಕೂತೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವರ ಕಣ್ಣು ಕಂಡೆ. ಸುವರ್ಣಳ ಕಣ್ಣಿನಂತೆಯೇ ಇದ್ದವು.

"ಅಳಿಯಂದ್ರ, ನಾ ಅವತ್ತ ಕಿಡಕ್ಯಾಗ ನಿಂತಿದ್ದೆ. ನೀವು ಹೆಬ್ಬಟ್ಟು ಸುತ್ತಿ ಹ್ಯಾಂಡಲ್ ಹಿಡದದ್ದು ನೋಡಿದೆ. ಹಂಗ ಹಿಡದ್ರ ಏನಾಗ್ತದಂತ ನನಗ ಗೊತ್ತು. ಐದೂ ಬೆರಳು ಒಂದೇ ಕಡೆ ಇರ್ಬೇಕು. ಕೆಳಗ ಒತ್ತಬಾರ್ದು, ಮ್ಯಾಲ ಜಗ್ಗಬೇಕು." ಅವರು ನನ್ನ ಪ್ಲಾಸ್ಟರ್ ನೋಡಿದರು. "ಬೀಗರು ಕುಂತಿದ್ರು. ಅವರ ಮುಂದ ಅಳಿಯಗ ಹೆಂಗ ಕೂಗಲಿ ಅಂತ ಬಾಯಿ ಮುಚ್ಚಿಕೊಂಡೆ. ನನ್ನ ಮರ್ಯಾದಿ ಉಳೀತು. ನಿಮ್ಮ ಕೈ ಮುರೀತು."

"ನಿಮ್ಮ ತಪ್ಪೇನದರಿ ಇದರಾಗ..." ಎಂದೆ.

"ತಪ್ಪು ಯಾರದಂತ ನಾ ಕೇಳಾಕ ಬಂದಿಲ್ಲ. ಇನ್ನ ಮ್ಯಾಲ ಬಾಯಿ ಮುಚ್ಚಿಕೊಳ್ಳಂಗಿಲ್ಲ ಅಂತ ಹೇಳಾಕ ಬಂದೇನಿ. ಯಾರರೆ ಕೂತಿರ್ಲಿ." ಸೆರಗಿನಿಂದ ಕಣ್ಣೊರೆಸಿಕೊಂಡು ಕಾರಿನ ಕಡೆ ತಿರುಗಿದರು. "ಹೇಳ್ರಿ ಈಗ. ಮುಂದ ಏನು ಮಾಡೋದದ?"

ಮುಂದೆ ಏನೂ ಮಾಡುವುದಿಲ್ಲ ಎಂದು ನಾನು ಆಗಲೇ ನಿರ್ಧರಿಸಿದ್ದೆ. ಕೈ ಮುರಿದದ್ದಕ್ಕಿಂತ ಅಣ್ಣನ ಎದುರು ಸೋತದ್ದು ಹೆಚ್ಚು ನೋಯುತ್ತಿತ್ತು. ಹಿಂದಿನ ದಿನವೇ ಗುಜರಿಯವನಿಗೆ ಫೋನ್ ಮಾಡಿ ಎತ್ತಿಕೊಂಡು ಹೋಗು ಎಂದಿದ್ದೆ. ಅದನ್ನು ಅವರಿಗೆ ಹೇಳುವ ಧೈರ್ಯವಾಗಲಿಲ್ಲ. ಮರುದಿನ ಅವನೇ ಟೆಂಪೋ ತಂದು ಹಿತ್ತಲಿಗೆ ನಿಲ್ಲಿಸಿದ. ನಾನು ಎದ್ದು ಹೋಗುವಷ್ಟರಲ್ಲಿ ಅತ್ತೆ ಮೊರದ ತುಂಬ ಶೇಂಗಾಕಾಯಿ ಹಿಡಿದುಕೊಂಡು ಹೋಗಿ ಡ್ರೈವರ್ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಿದ್ದರು.

"ತಮ್ಮಾ, ಇವತ್ತ ಆಗಂಗಿಲ್ಲ. ನಾ ಇದರಾಗ ಕುಂತೇನಿ."

"ಯಾವಾಗ ಬರ್ಲಿ ಅಮ್ಮಾ?"

"ನಾ ಇಳದ ಮ್ಯಾಲ ಬಾ."

ಅವನು ನನ್ನ ಮುಖ ನೋಡಿದ, ನಾನು ಬೇವಿನ ಗಿಡ ನೋಡಿದೆ. ಟೆಂಪೋ ಹಿಂದಕ್ಕೆ ಹೋಯಿತು. ಅತ್ತೆ ಮೊರದ ಕಾಯಿ ಪೂರಾ ಸುಲಿದು ಮುಗಿಸಿಯೇ ಇಳಿದರು.

ಆಮೇಲಿನ ಆರು ವಾರ ಅವರ ಕೈಯೇ ನನ್ನ ಕೈಯಾಗಿತ್ತು. ನಾನು ಹೊರಸಿನ ಮೇಲೆ ಪುಸ್ತಕ ಹಿಡಿದು ಕೂತು ಹೇಳುತ್ತಿದ್ದೆ, ಅವರು ಸೆರಗು ಸಿಕ್ಕಿಸಿಕೊಂಡು ಪಾನಾ ಹಿಡಿದು ಮಾಡುತ್ತಿದ್ದರು. ನಟ್ಟು ಬಿಗಿಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಎಷ್ಟು ಬಿಗಿಯಾಯಿತೆಂದು ಕೈಗೆ ತಿಳಿಯುತ್ತದೆ, ಕಣ್ಣು ನಡುವೆ ಬಂದರೆ ತಪ್ಪುತ್ತದೆ ಅನ್ನುತ್ತಿದ್ದರು. ಓಣಿಯ ಹೆಂಗಸರು ಗೋಡೆಯ ಮೇಲಿಂದ ಇಣುಕಿದರು. "ಶರಣಮ್ಮಾಯಿ, ಇದೇನು ಹೊಸಾದು ಕಲಿಯಾಕತ್ತೀರಿ?" ಎಂದರೆ, "ಹೊಸಾದಲ್ಲವ್ವ, ಹಳೇದು ಮರಿಯಂಗಿಲ್ಲ" ಎಂದು ತಲೆಯೆತ್ತದೆ ಉತ್ತರಿಸುತ್ತಿದ್ದರು.

ಒಂದು ದಿನ ಅಂಗಳದ ಫರಸಿಕಲ್ಲಿನ ಮೇಲೆ ಎಡಗೈಯಲ್ಲಿ ನಾಲ್ಕು ಪಿಸ್ಟನ್ನುಗಳ ಚಿತ್ರ ಬರೆದು ತೋರಿಸಿದೆ. ಮಂಡಿಯೂರಿ ಕೂತು ನೋಡಿದರು. "ನನ್ನ ಗಿರಣಿ ಇಂಜಿನ್ನಿಗೆ ಇಂಥಾದ್ದು ಒಂದೇ ಇತ್ತು. ಇದಕ್ಕ ನಾಕು. ನಾಕೂ ಒಮ್ಮೆಲೇ ಯಾಕ ಹೊಡಿಯಂಗಿಲ್ಲ?" ಇಪ್ಪತ್ತು ವರ್ಷದಲ್ಲಿ ನನ್ನ ಒಬ್ಬ ವಿದ್ಯಾರ್ಥಿಯೂ ಇದನ್ನು ಕೇಳಿರಲಿಲ್ಲ. ಒಂದಾದ ಮೇಲೊಂದು ಹೊತ್ತಿದರೆ ತಿರುಗುವುದು ನಿಲ್ಲುವುದಿಲ್ಲ, ಈ ಇಂಜಿನ್ನಿನಲ್ಲಿ ಮೊದಲು ಒಂದು, ಆಮೇಲೆ ಮೂರು, ನಾಲ್ಕು, ಎರಡು ಎಂದು ಹೇಳಿದೆ. ಅವರು ರೊಟ್ಟಿ ಬಡಿಯುವಾಗ ಅದನ್ನೇ ಹೇಳಿಕೊಳ್ಳುವುದು ಕೇಳಿಸುತ್ತಿತ್ತು. ಒಂದು, ಮೂರು, ನಾಕು, ಎರಡು.

ನಾಲ್ಕು ದಿನದ ನಂತರ ಅವರೇ ತಪ್ಪು ಹಿಡಿದರು. ಕಿಡಿಯನ್ನು ನಾಲ್ಕು ಕಡೆಗೆ ಹಂಚುವ ಡಬ್ಬಿಯ ಮುಚ್ಚಳ ತೆಗೆದು, ಹ್ಯಾಂಡಲ್ಲನ್ನು ಮೆಲ್ಲಗೆ ತಿರುವಿ, ಒಳಗೆ ನೋಡುತ್ತ ಕೂತಿದ್ದವರು ನನ್ನನ್ನು ಕರೆದರು. "ಅಳಿಯಂದ್ರ, ಇದರ ಮುಳ್ಳು ಎಡಕ್ಕ ತಿರಗಾಕತ್ತದ. ನೀವು ವಾಯರ್ ಬಲಕ್ಕ ಎಣಿಸಿ ಹಾಕೀರಿ."

ಹೋಗಿ ನೋಡಿದೆ. ಖರೇ. ನಾನು ಗಡಿಯಾರದಂತೆ ಎಣಿಸಿದ್ದೆ, ಅದು ಉಲ್ಟಾ ತಿರುಗುತ್ತಿತ್ತು. ಮೂರನೆಯದರ ಕಿಡಿ ಎರಡನೆಯದಕ್ಕೆ, ಎರಡನೆಯದರದು ಮೂರನೆಯದಕ್ಕೆ ಹೋಗುತ್ತಿತ್ತು. ನಾಚಿಕೆಯಾಯಿತು. ಅವರು ಎರಡು ವಾಯರ್ ಅದಲು ಬದಲು ಮಾಡಿದರು. ಕಿಡಿ ಹೊತ್ತುವ ಸಮಯವನ್ನೂ ಹಿಂದಕ್ಕೆ ಸರಿಸಿದೆವು. ಆಮೇಲೆ ಕೈ ಒರೆಸಿಕೊಳ್ಳುತ್ತ, "ಮಾಸ್ತರಕೀ ಮಾಡೋರಿಗೆ ಬಲಗೈ ರೂಢಿ, ಅದಕ್ಕ" ಅಂದರು. ನಗುತ್ತಿದ್ದರು.

ಪ್ಲಾಸ್ಟರ್ ಬಿಚ್ಚಿದ ಮರುವಾರವೇ ಅಣ್ಣನಿಗೆ ಬರಹೇಳಿದರು. ಹೌದು, ಅತ್ತೆಯೇ. ನಾನು ಬೇಡವೆಂದೆ. "ಅವರು ಕೂತಿದ್ದಾಗ ಕೆಟ್ಟದ್ದು, ಅವರು ಕೂತಿದ್ದಾಗಲೇ ಸುಧಾರಿಸ್ಲಿ" ಅಂದರು. ಅಣ್ಣ ಅತ್ತಿಗೆ ಬಂದು ಅದೇ ಕುರ್ಚಿಗಳಲ್ಲಿ ಕೂತರು. ಅತ್ತೆ ಪೂಜೆ ಮುಗಿಸಿ, ಸೆರಗನ್ನು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡು ಹೊರಗೆ ಬಂದು, "ಆರಾಮದೀರಿ ಬೀಗರ?" ಎಂದು ಅಣ್ಣನಿಗೆ ಕೈಮುಗಿದರು. ಅಣ್ಣ ಕೂತಲ್ಲೇ ಗಡಬಡಿಸಿ ಕೈಮುಗಿದ. ಅವರ ದನಿಯನ್ನೇ ಅವನು ಅಷ್ಟು ಹತ್ತಿರದಿಂದ ಕೇಳಿರಲಿಲ್ಲ.

"ಅಳಿಯಂದ್ರ, ನೀವು ಒಳಗ ಕೂಡ್ರಿ. ಹತ್ತಿದ ಕೂಡ್ಲೆ ರೇಸ್ ಕೊಡ್ರಿ. ಬಾಳ ಬ್ಯಾಡ."

ಎರಡು ಕಾಲು ಅಗಲಿಸಿ ನಿಂತು, ಐದೂ ಬೆರಳು ಒಂದೇ ಕಡೆ ಮಾಡಿ ಹ್ಯಾಂಡಲ್ ಹಿಡಿದರು. ಮೇಲಕ್ಕೆ ಒಂದು ಜಗ್ಗು. ಏನಿಲ್ಲ. ಎರಡನೆಯದಕ್ಕೆ ಕೆಮ್ಮಿತು. ಅತ್ತೆ ನಿಂತು ಉಸಿರು ತೆಗೆದುಕೊಂಡರು. ಸುವರ್ಣ ಓಡಿಹೋಗಿ ತಡೆಯಲಿದ್ದಳು, ಅವರು ಕಣ್ಣಿನಿಂದಲೇ ಬೇಡವೆಂದರು. ಮೂರನೆಯ ಸಲ ಜಗ್ಗಿದಾಗ ಇಡೀ ಕಾರು ನಡುಗಿ ಎದ್ದಿತು. ಬೇವಿನಲ್ಲಿದ್ದ ಕಾಗೆಗಳು ಹಾರಿಹೋದವು. ಸೈಲೆನ್ಸರಿನಿಂದ ಹೊಗೆ ಉಗುಳಿ, ಎಡವಿ, ಸಾವರಿಸಿಕೊಂಡು, ಇಂಜಿನ್ ತಾನೇ ತಾನಾಗಿ ಓಡತೊಡಗಿತು. ಅಣ್ಣ ಕುರ್ಚಿಯಿಂದ ಎದ್ದು ನಿಂತಿದ್ದ. ಅತ್ತೆ ಬಾನೆಟ್ಟಿನ ಮೇಲೆ ಅಂಗೈ ಊರಿ, ತಲೆ ತಗ್ಗಿಸಿ ಕೇಳುತ್ತಿದ್ದರು. ಅವರು ಅಳುತ್ತಿದ್ದಾರೆಂದು ನನಗೆ ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು.

ಇಂಜಿನ್ ಚಾಲೂ ಆದರೆ ಕಾರು ಆದಂತಲ್ಲ. ಬ್ರೇಕು, ತುಕ್ಕು ತಿಂದ ತಳ, ಸೀಟು, ಬಣ್ಣ ಎಂದು ಇನ್ನೂ ಏಳು ತಿಂಗಳು ಹಿಡಿಯಿತು. ಕಾಗದಪತ್ರಕ್ಕೆ ಕಲಬುರಗಿಗೆ ತಿರುಗಿದ್ದು ಬೇರೆ. ಅಷ್ಟೂ ದಿನ ಅತ್ತೆ ನಮ್ಮಲ್ಲೇ ಇದ್ದರು. ಶರಣಪ್ಪ ಫೋನ್ ಮಾಡಿ ಮಾಡಿ ಸೋತ. "ಇದರಾಗ ಕುಂತೇ ಬರ್ತೇನಿ, ಅಲ್ಲಿತನಕ ಕೇಳಬ್ಯಾಡಪಾ" ಎಂದುಬಿಟ್ಟಿದ್ದರು.

ಹಾಗೆಯೇ ಹೋದರು. ಹೊರಟ ದಿನ ಹಿಂದಿನ ಬಾಗಿಲು ತೆರೆದು ಕೊಟ್ಟೆ. ಅವರು ಅದನ್ನು ಹಾಕಿ ಮುಂದಿನ ಬಾಗಿಲು ತೆರೆದು ನನ್ನ ಪಕ್ಕ ಕೂತರು. "ಅಲ್ಲಿಂದ ಸಪ್ಪಳ ಬರಾಬರಿ ಕೇಳಂಗಿಲ್ಲ" ಅಂದರು. ಹಿಂದೆ ಕೂತ ಸುವರ್ಣ ನಕ್ಕಳು. ಆಳಂದದ ಹಾದಿಯುದ್ದಕ್ಕೂ ಅತ್ತೆ ಹೊಲ ನೋಡಲಿಲ್ಲ, ಊರು ನೋಡಲಿಲ್ಲ, ಕಿವಿಗೊಟ್ಟು ಕೂತರು. ಆಳಂದ ಇನ್ನೇನು ಬಂತು ಅನ್ನುವಾಗ ಇಂಜಿನ್ ಕಾದು ನಿಂತಿತು. ಮುಕ್ಕಾಲು ತಾಸು ಜಾಲಿ ಗಿಡದ ನೆರಳಲ್ಲಿ ಕೂತು, ಕಟ್ಟಿಕೊಂಡು ಬಂದ ರೊಟ್ಟಿ, ಪುಂಡಿಪಲ್ಯ ತಿಂದು, ನೀರು ಹಾಕಿ ಮತ್ತೆ ಹೊರಟೆವು. ಜಿಡಗಾದ ಮನೆ ಮುಂದೆ ಕಾರು ನಿಂತಾಗ ಶರಣಪ್ಪ ತಾಯಿಯನ್ನು ಮುಂದಿನ ಸೀಟಿನಲ್ಲಿ ಕಂಡು ಯಾರನ್ನು ನೋಡಬೇಕೆಂದು ತಿಳಿಯದೆ ಕಾರಿಗೇ ನಮಸ್ಕಾರ ಮಾಡಿದ.

ಆಮೇಲೆ ಆಗಾಗ ಹೋಗುತ್ತಿದ್ದೆವು. ಕೊನೆಯ ಸಲ ಹೋದದ್ದು ತೊಗರಿಯ ಕಟಾವು ಮುಗಿದ ಮೇಲೆ. ಊಟವಾದ ನಂತರ ಅತ್ತೆ, "ಅಳಿಯಂದ್ರ, ಒಂದು ಕೇಳ್ತೇನಿ, ಇಲ್ಲ ಅನಬ್ಯಾಡ್ರಿ" ಅಂದರು. ಅವರಿಗೆ ಕಾರು ನಡೆಸಿ ನೋಡಬೇಕಿತ್ತು. ಬರಿದಾದ ಹೊಲದ ಅಂಚಿಗೆ ಒಯ್ದೆ. ಶರಣಪ್ಪ ಬದುವಿನ ಮೇಲೆ ನಿಂತು, "ಅವ್ವಾ, ಈ ವಯಸ್ಸಿನಾಗ..." ಎಂದು ಶುರು ಮಾಡಿದ. "ಯಾವ ವಯಸ್ಸಿನಾಗ ಬಿಟ್ಟಿದ್ರಿ ಮತ್ತ?" ಎಂದು ಅವರು ಕೇಳಿದ ಮೇಲೆ ಅವನು ಇಳಿದು ಬಂದು ಕಾರಿನ ಮುಂದಿನ ಕಲ್ಲು ಎತ್ತಿ ಹಾಕಿದ.

ಪಕ್ಕ ಕೂತು ಕ್ಲಚ್ಚು ತೋರಿಸಿದೆ. ಎರಡು ಸಲ ಬಂದ್ ಬಿತ್ತು. ಮೂರನೆಯ ಸಲ ಕಾರು ಮೆಲ್ಲಗೆ ಹೊರಟಿತು. ತೊಗರಿಯ ಕೂಳೆಗಳ ಮೇಲೆ ಕುಲುಕುತ್ತ, ಮನುಷ್ಯ ನಡೆಯುವಷ್ಟೇ ವೇಗದಲ್ಲಿ, ಹೊಲದ ಸುತ್ತ ಒಂದು ಸುತ್ತು. ಹೊರಗೆ ನಿಂತವರಿಗೆ ಸ್ಟೇರಿಂಗಿನ ಮೇಲೆ ಅವರ ಹಣೆಯ ವಿಭೂತಿ ಮಾತ್ರ ಕಾಣುವಂತಿತ್ತು. ಹೊರಟ ಜಾಗಕ್ಕೆ ಬಂದಾಗ ನಿಲ್ಲಿಸಿ, ಕೀಲಿ ತೆಗೆದು ನನ್ನ ಕೈಯಲ್ಲಿಟ್ಟರು.

"ಇನ್ನೊಂದು ಸುತ್ತು ಹೋಗ್ರಿ," ಎಂದೆ.

"ಸಾಕು. ಹೊಟ್ಟಿ ತುಂಬ್ತು."

ನಲವತ್ತು ದಿನದ ಮೇಲೆ ಶರಣಪ್ಪನ ಫೋನ್ ಬಂತು. ಬೆಳಿಗ್ಗೆ ಪೂಜೆಗೆ ಕೂತವರು ಹಾಗೇ ಗೋಡೆಗೆ ಒರಗಿದ್ದರಂತೆ. ನಾವು ಹೋಗಿ ಮುಟ್ಟಿದಾಗ ಅಂಗಳದ ತುಂಬ ಜನ. ಅವರನ್ನು ಹೊಲದಲ್ಲಿ, ಮಾವನವರ ಸಮಾಧಿಯ ಪಕ್ಕದಲ್ಲಿ ಕೂಡಿಸಿ ಮಣ್ಣು ಕೊಟ್ಟು ಬಂದೆವು. ಸುವರ್ಣ ತಮ್ಮನ ಕೈ ಹಿಡಿದುಕೊಂಡು ಒಳಗೆ ಹೋದಳು. ನನಗೆ ಒಳಗೆ ಕೂರಲಾಗಲಿಲ್ಲ. ಹೊರಗೆ ಬಂದು ಕಾರಿಗೆ ಒರಗಿ ನಿಂತೆ.

ಏಳೆಂಟು ಜನ ಮುದುಕಿಯರು ಹೊರಡುವ ಮುನ್ನ ನನ್ನ ಹತ್ತಿರ ಬಂದರು. ಅವರಲ್ಲಿ ಹಿರಿಯಳು ಬಾಗಿದ ಬೆನ್ನಿನ ಒಬ್ಬ ಅಜ್ಜಿ. ಬಾನೆಟ್ಟನ್ನು ಮುಟ್ಟಿ ನೋಡಿ ಕೇಳಿದಳು, "ಯಪ್ಪಾ, ಶರಣಿ ತನ್ನ ಕೈಲೆ ಚಾಲೂ ಮಾಡಿದ್ದು ಇದೇನಾ?"

"ಹೌದಬೇ ಅಜ್ಜಿ."

"ನಾವು ಅಕಿ ಗಿರಣಿಗೆ ಹೋಗ್ತಿದ್ದೆವು. ನಸುಕಿನಾಗ ಇಂಜಿನ್ ಸಪ್ಪಳ ಕೇಳಿದ್ರ ಬುಟ್ಟಿ ಹೊತಗೊಂಡು ಹೊರಡ್ತಿದ್ದೆವು. ಅಕಿ ಕೈಲೆ ಹತ್ತಿದ ಇಂಜಿನ್ ನಿಲ್ತಿದ್ದಿಲ್ಲ." ಉಳಿದವರು ಹೌದೆಂದು ತಲೆಯಾಡಿಸಿದರು. "ಇದನ್ನ ಒಮ್ಮೆ ಚಾಲೂ ಮಾಡಪಾ. ಕೇಳಿ ಹೋಗ್ತೇವಿ."

ಮನೆಯೊಳಗೆ ಸಾವಿನ ದುಃಖವಿತ್ತು. ಯಾರಾದರೂ ಏನಾದರೂ ಅಂದಾರು ಎಂದು ಒಂದು ಗಳಿಗೆ ಹಿಂಜರಿದೆ. ಆಮೇಲೆ ಒಳಗೆ ಕೂತು ಕೀಲಿ ತಿರುವಿದೆ.

ಇಂಜಿನ್ ಹತ್ತಿತು. ಆ ಮುದುಕಿಯರು ಕಾರಿನ ಸುತ್ತ ಒತ್ತಾಗಿ ನಿಂತು ಕೇಳಿದರು. ಸದ್ದು ಕೇಳಿ ಸುವರ್ಣ ಬಾಗಿಲಿಗೆ ಬಂದಳು, ಅವಳ ಹಿಂದೆ ಶರಣಪ್ಪ ಬಂದ, ಅವನ ಹಿಂದೆ ಮನೆಯ ಹಿರಿಯರು ಬಂದರು. ಬಂದ್ ಮಾಡು ಎಂದು ಯಾರೂ ಹೇಳಲಿಲ್ಲ. ನಾನೂ ಮಾಡಲಿಲ್ಲ.